ಭೈರಪ್ಪ ಡಾಕ್ಟರ ಉದ್ದಗಾಡಿ

ಲಕ್ಷ್ಮೀಕಾಂತನಿಗೆ ಗಾಡಿಗಳ ಮೇಲೆ ಪ್ರೀತಿ ಇದೆಯೆಂದು ಯಾರೂ ಅಂದುಕೊಂಡಿರಲಿಲ್ಲ. ಅವನ ಕೆಲಸವೇ ಅಂಥದ್ದು. ಅಪಘಾತವಾದ ವಾಹನಗಳನ್ನು ನೋಡಿ ಏನು ಮುರಿದಿದೆ, ಏನು ಉಳಿದಿದೆ, ಯಾರ ತಪ್ಪು ಎಂದು ಇನ್ಶೂರೆನ್ಸ್ ಕಂಪನಿಗಳಿಗೆ ವರದಿ ಬರೆದುಕೊಡುವ ಸರ್ವೇಯರ್ ಅವನು. ಇಪ್ಪತ್ತೆರಡು ವರ್ಷಗಳಿಂದ ಶಿವಮೊಗ್ಗದ ಸುತ್ತಮುತ್ತ ನುಜ್ಜುಗುಜ್ಜಾದ ಕಾರು, ಮಗುಚಿಬಿದ್ದ ಲಾರಿಗಳನ್ನು ನೋಡುತ್ತ ಬಂದಿದ್ದ. ಗಾಜಿನ ಚೂರುಗಳ ನಡುವೆ ನಿಂತು ಫೋಟೋ ತೆಗೆಯುವಾಗ ಅವನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಆ ಸೀಟಿನಲ್ಲಿ ಕೂತಿದ್ದವರು ಯಾರು ಎಂದು ಕೇಳುತ್ತಿದ್ದುದು ಫಾರಂನಲ್ಲಿ ಹಾಗೊಂದು ಕಾಲಂ ಇದ್ದುದರಿಂದ ಮಾತ್ರ.

ಎರಡು ವರ್ಷದ ಹಿಂದೆ ಭದ್ರಾವತಿಯ ಹಳೇನಗರದಲ್ಲಿ ಬಾಗಿಲು ಮುಚ್ಚಿದ್ದ ಒಂದು ಕ್ಲಿನಿಕ್ಕಿನ ಕಾಂಪೌಂಡು ಗೋಡೆ ಕುಸಿದು ಪಕ್ಕದ ಮನೆಯ ಕಾರು ಜಜ್ಜಿಹೋಯಿತು. ಅದನ್ನು ನೋಡಲು ಹೋದವನಿಗೆ, ಬಿದ್ದ ಗೋಡೆಯ ಆಚೆ ಒಂದು ತಗಡಿನ ಶೆಡ್ಡು ಕಂಡಿತು. ಅದರೊಳಗೆ ಟಾರ್ಪಾಲು ಹೊದ್ದ ಒಂದು ಗಾಡಿ. ಮುಂದಿನಿಂದ ನೋಡಿದರೆ ಹಳೆಯ ಫಿಯಟ್. ಪಕ್ಕಕ್ಕೆ ಬಂದರೆ ಹಾಗಲ್ಲ. ಡಿಕ್ಕಿ ಇರಬೇಕಾದ ಕಡೆ ಮೇಲಿನ ತಗಡು ಇಳಿಯದೆ ನೇರವಾಗಿ ಹಿಂದಿನ ತುದಿಯವರೆಗೂ ಹೋಗಿತ್ತು. ಎರಡೂ ಬದಿಗೆ ಉದ್ದನೆಯ ಗಾಜು, ಹಿಂದೆ ಅಗಲವಾದ ಒಂದೇ ಬಾಗಿಲು. ಎಸ್ಟೇಟ್ ಎನ್ನುವ ಈ ಮಾದರಿ ನಮ್ಮಲ್ಲಿ ತಯಾರಾದದ್ದೇ ಕಡಿಮೆ, ಉಳಿದದ್ದು ಇನ್ನೂ ಕಡಿಮೆ. ಲಕ್ಷ್ಮೀಕಾಂತ ಇಂಥದ್ದನ್ನು ಹಿಂದೆ ನೋಡಿದ್ದು ಒಂದೇ ಸಲ, ಅದೂ ಹಳೆಯ ಜಾಹೀರಾತಿನಲ್ಲಿ.

"ನಮ್ಮ ದೊಡ್ಡಪ್ಪನದ್ದು ಸಾರ್," ಎಂದ ವಿಜಯಕುಮಾರ್. ತೀರಿಹೋದ ಡಾಕ್ಟರ್ ಭೈರಪ್ಪನವರ ತಮ್ಮನ ಮಗ. ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. "ಆಗ ಆಂಬುಲೆನ್ಸ್ ಎಲ್ಲಿತ್ತು? ಪೇಶೆಂಟ್‌ನ ಹಿಂದೆ ಮಲಗಿಸ್ಕೊಂಡು ಅವರೇ ಓಡಿಸ್ತಿದ್ರು. ಮಣಿಪಾಲಕ್ಕೆ ಎರಡೂಮುಕ್ಕಾಲು ಗಂಟೆಯಂತೆ. ಜನ ಉದ್ದಗಾಡಿ ಅಂತಿದ್ರು. ಇಂಜಿನ್‌ಗೆ ಏನೋ ಮಾಡಿಸಿದ್ರು, ನಂಗೆ ಗೊತ್ತಿಲ್ಲ. ಈ ಶೆಡ್ಡು ಕೆಡವೋದಿದೆ, ಗುಜರಿಯವನಿಗೆ ಹೇಳಿಟ್ಟಿದ್ದೀನಿ."

ಲಕ್ಷ್ಮೀಕಾಂತ ಬಾನೆಟ್ ಎತ್ತಿ ನೋಡಿದ. ಇಲಿಗೂಡು, ಒಣಗಿದ ಎಲೆ, ಅದರಡಿಯಲ್ಲಿ ಇಂಜಿನ್. ಐದು ನಿಮಿಷ ಬಗ್ಗಿಯೇ ನಿಂತಿದ್ದು, ಆಮೇಲೆ ಕೈ ಒರೆಸಿಕೊಂಡು, "ಗುಜರಿಯವನಿಗೆ ಬೇಡ ಅಂತ ಹೇಳಿ," ಎಂದ.

ವಿನೋಬನಗರದ ಮನೆಗೆ ಗಾಡಿ ಲಾರಿಯ ಮೇಲೆ ಬಂದಿಳಿದಾಗ ಅವನ ಹೆಂಡತಿ ಪ್ರಿಯದರ್ಶಿನಿ ಗೇಟಿನಲ್ಲಿ ನಿಂತು ನೋಡಿದಳು. ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಗಂಡ ಏನನ್ನೂ ಆಸೆಪಟ್ಟು ಕೊಂಡದ್ದನ್ನು ಅವಳು ಕಂಡಿರಲಿಲ್ಲ.

"ಯಾಕ್ರೀ ಇದು?"

"ಇಷ್ಟು ವರ್ಷ ಸತ್ತ ಗಾಡಿಗಳ್ನೇ ನೋಡಿದ್ದೀನಿ. ಒಂದು ಎದ್ದು ಓಡೋದನ್ನ ನೋಡೋಣ ಅನ್ನಿಸ್ತು."

ಅದಕ್ಕಿಂತ ಹೆಚ್ಚು ವಿವರಣೆ ಅವನಿಂದ ಬರಲಿಲ್ಲ, ಅವಳು ಕೇಳಲೂ ಇಲ್ಲ. ಮಳೆಗಾಲಕ್ಕೆ ಮುಂಚೆ ತನ್ನ ಸ್ಕೂಟರಿಗೆ ಬೇರೆ ಜಾಗ ಮಾಡಿಕೊಡಬೇಕೆಂದಳು, ಅಷ್ಟೆ.

ಬಾಡಿ ಕೆಲಸಕ್ಕೇ ಒಂದು ವರ್ಷ ಹಿಡಿಯಿತು. ಆಟೋ ಕಾಂಪ್ಲೆಕ್ಸಿನ ಮುರಳಿ ಎಂಬ ಟಿಂಕರಿಂಗ್ ಕೆಲಸದವನು ತಳದ ತಗಡನ್ನೆಲ್ಲ ಕತ್ತರಿಸಿ ಹೊಸದು ಬೆಸೆದ. ಹಳೆಯ ಪುಟ್ಟಿ ಕೆರೆದಷ್ಟೂ ತುಕ್ಕು ಬಂತು. ಹಿಂಬಾಗಿಲಿನ ಉದ್ದ ಗಾಜಿನ ರಬ್ಬರು ಎಲ್ಲೂ ಸಿಗದೆ, ಕೊನೆಗೆ ಬೇರೆ ಯಾವುದೋ ವ್ಯಾನಿನದನ್ನು ಕೊಯ್ದು ಕೂರಿಸಬೇಕಾಯಿತು. ಹಿಂದಿನ ನೆಲದಲ್ಲಿ ಸ್ಟ್ರೆಚರ್ ಸಿಕ್ಕಿಸುವ ಎರಡು ಕಬ್ಬಿಣದ ಪಟ್ಟಿಗಳಿದ್ದವು. ಮುರಳಿ ಅವನ್ನು ಕಿತ್ತುಬಿಡಲೇ ಎಂದು ಕೇಳಿದ. ಬೇಡ, ಇದ್ದ ಹಾಗೇ ಇರಲಿ ಎಂದ ಲಕ್ಷ್ಮೀಕಾಂತ.

ಇಂಜಿನ್ ಕೆಲಸವನ್ನು ಅವನು ಬೇರೆಯವರಿಗೆ ಕೊಡಲಿಲ್ಲ. ಭಾನುವಾರಗಳಲ್ಲಿ ತಾನೇ ಒಂದೊಂದಾಗಿ ಬಿಚ್ಚಿದ. ಬಿಚ್ಚುತ್ತ ಹೋದಂತೆ, ಇದು ಕಂಪನಿಯಿಂದ ಬಂದ ಹಾಗಿನ ಇಂಜಿನ್ ಅಲ್ಲ ಎಂದು ಸ್ಪಷ್ಟವಾಯಿತು. ಇಂಜಿನ್ನಿನ ಮೇಲ್ಭಾಗದ ಹೆಡ್ಡನ್ನು ಲೇತಿಗೆ ಹಾಕಿ ತೆಳ್ಳಗೆ ಹೆರೆದಿದ್ದರು, ಒತ್ತಡ ಹೆಚ್ಚಿ ಶಕ್ತಿ ಬರಲೆಂದು. ವಾಲ್ವುಗಳ ದಾರಿಯನ್ನು ಕೈಯಿಂದ ಉಜ್ಜಿ ಕನ್ನಡಿಯಂತೆ ಮಾಡಿದ್ದರು. ಹೆಡ್ಡಿನ ಬದಿಯಲ್ಲಿ ಕಂಪನಿಯದಲ್ಲದ ಎರಡು ತೂತುಗಳಿದ್ದವು. ಅವುಗಳ ಮೇಲೆ ಅಲ್ಯೂಮಿನಿಯಂ ತಟ್ಟೆ ಇಟ್ಟು ಬೋಲ್ಟ್ ಬಿಗಿದಿತ್ತು. ಹಿಂದೊಮ್ಮೆ ಇದಕ್ಕೆ ಪೆಟ್ರೋಲಿಗೆ ಗಾಳಿ ಬೆರೆಸಿಕೊಡುವ ಜೋಡಿ ಕಾರ್ಬೊರೇಟರ್ ಇದ್ದವು, ಆಮೇಲೆ ಯಾರೋ ಅವನ್ನು ತೆಗೆದು ಒಂದೇ ಕೂರಿಸಿದ್ದಾರೆ. ಇನ್ನೊಂದು ಗುರುತೂ ಇತ್ತು. ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ನಡುವೆ, ಒತ್ತಡ ಸೋರದಂತೆ ಹೆಡ್ಡಿನಡಿ ಕೂರಿಸುವ ಗ್ಯಾಸ್ಕೆಟ್ ಹಾಳೆಯ ಜಾಗದಲ್ಲಿ, ಬೆರಳಗಲದ ಸುಟ್ಟ ಕಲೆ.

ಇಂಥ ಕೆಲಸ ಮಾಡಿದವರು ಯಾರೆಂದು ವಿಜಯಕುಮಾರನನ್ನು ಕೇಳಿದಾಗ, "ಜನ್ನಾಪುರದಲ್ಲಿ ಮೂರ್ತಪ್ಪ ಅಂತ ಇದ್ರು. ಈಗ್ಲೂ ಇರ್ಬೇಕು," ಎಂದ.

ಮೂರ್ತಪ್ಪನವರು ಇದ್ದರು. ಎಪ್ಪತ್ತೆಂಟು ದಾಟಿದ, ಉದ್ದ ಕೈಗಳ ತೆಳ್ಳನೆಯ ಮನುಷ್ಯ. ಬಸ್‌ಸ್ಟಾಪಿನ ಹಿಂದಿನ ಓಣಿಯಲ್ಲಿ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತ ಕೂತಿದ್ದರು. ಉದ್ದಗಾಡಿಯ ಹೆಸರೆತ್ತಿದ್ದೇ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಅದು ಇನ್ನೂ ಇದ್ಯಾ?"

"ಇದೆ. ಜೋಡಿ ಕಾರ್ಬೊರೇಟರ್ ಕೂರೋ ಕೊಳವೆ ಬೇಕಾಗಿತ್ತು. ನೀವೇ ಎರಕ ಹೊಯ್ಸಿದ್ದು ಅಂತ ಕಾಣುತ್ತೆ. ಅಂಥದ್ದು ಬೇರೆ ಎಲ್ಲೂ ಸಿಗಲ್ಲ."

"ನಂಗೆ ಗೊತ್ತಿಲ್ಲ ಸಾರ್. ಅದೆಲ್ಲ ಮರ್ತುಹೋಯ್ತು. ಈಗ ನಾನು ಹೊಲಿಗೆ ಮೆಷಿನ್ ಬಿಟ್ಟು ಬೇರೆ ಮುಟ್ಟಲ್ಲ."

ಸುಳ್ಳು ಹೇಳುವವರ ಮುಂದೆ ಕೂರುವುದು ಲಕ್ಷ್ಮೀಕಾಂತನಿಗೆ ದಿನದ ಕೆಲಸ. ಅವನು ಎದ್ದು ಬಂದ. ಮುಂದಿನ ವಾರ ಇಂಜಿನ್ನಿನ ಹೆಡ್ಡನ್ನೇ ಗೋಣಿಯಲ್ಲಿ ಸುತ್ತಿ ತಂದು, ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿಟ್ಟು ಸುಟ್ಟ ಕಲೆಯ ಮೇಲೆ ಬೆರಳಿಟ್ಟ.

"ಇಲ್ಲಿ ಒಂದ್ಸಲ ಗ್ಯಾಸ್ಕೆಟ್ ಸುಟ್ಟಿದೆ. ಅದಾದ ಮೇಲೇ ಯಾರೋ ಈ ತೂತು ಮುಚ್ಚಿದ್ದಾರೆ. ಮುಚ್ಚಿರೋ ಕೈಯೂ ಕೊರೆದಿರೋ ಕೈಯೂ ಒಂದೇ. ಯಾಕೆ ಅಂತ ಗೊತ್ತಾದ್ರೆ ಸಾಕು."

ಮೂರ್ತಪ್ಪನವರು ಆ ಕಲೆಯನ್ನು ಬಹಳ ಹೊತ್ತು ನೋಡಿದರು. ಒಳಗಿನಿಂದ ಸೊಸೆ ತಂದಿಟ್ಟ ಕಾಫಿ ಆರಿಹೋಯಿತು.

"ಎಂಬತ್ತಾರನೇ ಇಸ್ವಿ," ಎಂದರು ಕೊನೆಗೆ. "ಕಾಗದನಗರದಲ್ಲಿ ಶಿವಶಂಕರಪ್ಪ ಅಂತ ಪೇಪರ್ ಮಿಲ್ಲಿನ ಇಂಜಿನಿಯರ್ರು. ನಲವತ್ತೊಂದು ವರ್ಷ. ಮಧ್ಯಾಹ್ನ ಊಟ ಮಾಡಿ ಎದ್ದವರಿಗೆ ಎದೆ ಹಿಡ್ಕೊಂಡ್ತು. ಡಾಕ್ಟ್ರು ಮಣಿಪಾಲಕ್ಕೆ ಹೊರಟ್ರು. ಹಿಂದೆ ಅವರ ಹೆಂಡ್ತಿ ಕೂತಿದ್ರು. ಗಾಜನೂರ ಹತ್ರ ಗಾಡಿ ಹೊಗೆ ಕಕ್ಕಿ ನಿಂತುಹೋಯ್ತು. ಲಾರಿ ಸಿಗೋ ಹೊತ್ತಿಗೆ ಮುಕ್ಕಾಲು ಗಂಟೆ. ಅಷ್ಟ್ರಲ್ಲಿ ಅವರು ಹೋಗಿಬಿಟ್ಟಿದ್ರು."

ಅವರು ಹೆಡ್ಡಿನ ಅಂಚನ್ನು ಹೆಬ್ಬೆರಳಿನಿಂದ ಸವರಿದರು.

"ನಾನು ಹೆಡ್ಡನ್ನ ಜಾಸ್ತಿ ಹೆರೆದಿದ್ದೆ ಸಾರ್. ಕೂದಲೆಳೆ ಅಷ್ಟು ಜಾಸ್ತಿ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅನ್ನೋ ಆಸೆ. ಭದ್ರಾವತೀಲಿ ಇಂಥ ಗಾಡಿ ಮಾಡಿದವನು ಇಲ್ಲ ಅಂತ ಜನ ಹೊಗಳೋರು. ಡಾಕ್ಟ್ರು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಗಾಡಿಯನ್ನು ಎಳೆದು ತಂದ ಮರುದಿನವೇ ಅವರು ಜೋಡಿ ಕಾರ್ಬೊರೇಟರ್ ಬಿಚ್ಚಿ ತೂತುಗಳನ್ನು ಮುಚ್ಚಿದ್ದರು. ಗ್ಯಾರೇಜನ್ನೂ ಅದೇ ವರ್ಷ ಬಿಟ್ಟರು. ಕೊಳವೆಯನ್ನು ಮಾತ್ರ ಎಸೆದಿರಲಿಲ್ಲ. ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದರು.

"ಕೊಡ್ತೀನಿ. ಆದ್ರೆ ಆ ಅಮ್ಮ ಇದ್ದಾರೆ, ಶಿವಮೊಗ್ಗ ಗೋಪಾಳದಲ್ಲಿ ಮಗಳ ಮನೇಲಿ. ಅವರನ್ನ ಕೇಳ್ಕೊಂಡು ಬನ್ನಿ. ಅವರು ಬೇಡ ಅಂದ್ರೆ ನಾನು ಕೊಡಲ್ಲ. ನಂಗೆ ಅವರ ಮುಂದೆ ಹೋಗಿ ನಿಲ್ಲೋಕಾಗಲ್ಲ."

ಲಕ್ಷ್ಮೀಕಾಂತನಿಗೆ ಇದು ಬೇಕಿರಲಿಲ್ಲ. ಗಾಡಿಯ ಸಂಗತಿ ಗಾಡಿಯಲ್ಲೇ ಮುಗಿಯಬೇಕೆಂಬುದು ಅವನ ರೀತಿ. ಎರಡು ಭಾನುವಾರ ಸುಮ್ಮನೆ ಕಳೆದ. ಬೇರೊಂದು ಕೊಳವೆಯನ್ನು ಹೊಸದಾಗಿ ಎರಕ ಹೊಯ್ಸಬಹುದೆಂದು ಮಾಚೇನಹಳ್ಳಿಯ ಒಬ್ಬರನ್ನು ವಿಚಾರಿಸಿಯೂ ಬಂದ. ರಾತ್ರಿ ಊಟಕ್ಕೆ ಕೂತಾಗ ಪ್ರಿಯದರ್ಶಿನಿಗೆ ಎಲ್ಲ ಹೇಳಿದ.

"ಹೊಸದು ಮಾಡಿಸ್ತೀರಿ ಅಂದ್ರೆ ಮಾಡಿಸಿ," ಎಂದಳು ಅವಳು. "ಆದ್ರೆ ಆ ಅಜ್ಜ ನಿಮ್ಮನ್ನ ಕಳ್ಸಿದ್ದು ಕೊಳವೆಗೋಸ್ಕರ ಅಲ್ಲ ಅನ್ಸುತ್ತೆ."

ಮೂರನೆಯ ಭಾನುವಾರ ಅವನು ಗೋಪಾಳಕ್ಕೆ ಹೋದ.

ಶಿವಶಂಕರಪ್ಪನವರ ಹೆಂಡತಿ ದಾಕ್ಷಾಯಣಿ ಎಪ್ಪತ್ತರ ಹೆಂಗಸು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಹೆಡ್‌ಮಿಸ್ ಆಗಿ ನಿವೃತ್ತರಾದವರು. ಮಗಳು ಸ್ಫೂರ್ತಿ ಹಲ್ಲಿನ ಡಾಕ್ಟರು. ಅವಳು ಕ್ಲಿನಿಕ್ಕಿಗೆ ಹೋಗಿದ್ದ ಹೊತ್ತು. ಲಕ್ಷ್ಮೀಕಾಂತ ತನ್ನ ವರದಿ ಬರೆಯುವ ಧಾಟಿಯಲ್ಲೇ ಎಲ್ಲವನ್ನೂ ಹೇಳಿದ: ಗಾಡಿ ಕೊಂಡದ್ದು, ಹೆಡ್ಡು ಹೆರೆದದ್ದು, ಗ್ಯಾಸ್ಕೆಟ್ ಸುಟ್ಟದ್ದು, ಮೂರ್ತಪ್ಪನವರು ಕೆಲಸ ಬಿಟ್ಟದ್ದು. ದಾಕ್ಷಾಯಣಿ ಕೊನೆಯವರೆಗೂ ಕೇಳಿದರು.

"ಆ ಮೆಕ್ಯಾನಿಕ್ ಯಾರು ಅಂತಲೇ ನಂಗೆ ಗೊತ್ತಿರಲಿಲ್ಲ," ಎಂದರು. "ಮೂವತ್ತೆಂಟು ವರ್ಷದಿಂದ ಹೀಗೇ ಇದ್ದಾರಾ?"

"ಹೌದು ಮೇಡಂ."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ನೋಡಿ, ಗಾಡಿ ನಿಂತಿದ್ದು ಗಾಜನೂರಲ್ಲಿ. ನಮ್ಮವರು ಹೋಗಿದ್ದು ಅಲ್ಲಲ್ಲ. ಶಿವಮೊಗ್ಗ ಊರೊಳಗೆ. ಒಂದು ಎತ್ತಿನ ಗಾಡಿ ಅಡ್ಡ ಬಂತು, ಡಾಕ್ಟ್ರು ಬ್ರೇಕ್ ಹಾಕಿದ್ರು. ನಮ್ಮವರ ತಲೆ ನನ್ನ ತೊಡೆ ಮೇಲಿತ್ತು. ನನ್ನ ಕೈ ಹಿಡ್ಕೊಂಡಿದ್ರು. ಆಗ ಬಿಟ್ರು. ನಂಗೆ ತಕ್ಷಣ ಗೊತ್ತಾಯ್ತು."

ದಾಕ್ಷಾಯಣಿ ತಮ್ಮ ಕೈ ನೋಡಿಕೊಂಡು ಮುಂದುವರಿಸಿದರು.

"ಹೇಳಿದ್ರೆ ಡಾಕ್ಟ್ರು ಗಾಡಿ ತಿರುಗಿಸ್ತಾರೆ. ತಿರುಗಿಸಿದ್ರೆ ಮುಗೀತು. ಹೋಗ್ತಾ ಇದ್ರೆ ಇನ್ನೂ ಮುಗಿದಿಲ್ಲ ಅಂತ. ಮೂವತ್ತೆರಡು ವರ್ಷ ನಂಗೆ, ಮನೇಲಿ ನಾಲ್ಕು ವರ್ಷದ ಮಗು. ಸುಮ್ನೆ ಕೂತೆ. ಗಾಡಿ ಎಷ್ಟು ಜೋರಾಗಿ ಓಡ್ತಿತ್ತು ಅಂದ್ರೆ, ಮಣಿಪಾಲ ಮುಟ್ಟಿದ್ರೆ ಎಲ್ಲ ಸರಿಹೋಗುತ್ತೇನೋ ಅನ್ಸೋ ಹಾಗೆ ಓಡ್ತಿತ್ತು. ಆಮೇಲೆ ನಿಂತುಹೋಯ್ತು."

"ಡಾಕ್ಟ್ರಿಗೆ ಗೊತ್ತಾಗಲಿಲ್ವಾ?"

"ಗೊತ್ತಾಗಿರ್ಬೇಕು. ಗಾಡಿ ನಿಂತಾಗ ಹಿಂದೆ ಬಂದು ನೋಡಿದ್ರಲ್ಲ. ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಗಾಡಿ ಕೆಟ್ಟಿದ್ದಕ್ಕೆ ಹೀಗಾಯ್ತು ಅಂತ ಜನಕ್ಕೆ ಒಂದು ಕಾರಣ ಸಿಕ್ತು. ಕಾರಣ ಇದ್ರೆ ಜನ ಬೇರೆ ಪ್ರಶ್ನೆ ಕೇಳಲ್ಲ. ನಂಗೂ ಅದೇ ಬೇಕಾಗಿತ್ತು. ಅದು ಇನ್ನೊಬ್ಬರ ತಲೆ ಮೇಲೆ ಹೋಗಿ ಕೂತಿದೆ ಅಂತ ಯೋಚ್ನೆ ಮಾಡಲಿಲ್ಲ."

ಹೊರಗೆ ತರಕಾರಿಯವನ ಗಾಡಿ ಮೈಕಿನಲ್ಲಿ ಟೊಮೇಟೊ ದರ ಕೂಗುತ್ತ ಹೋಯಿತು.

"ನಾನೇ ಅವರಿಗೆ ಹೇಳ್ಲಾ ಮೇಡಂ?"

"ಬೇಡ. ನಾನು ಬರ್ತೀನಿ."

"ಬುಧವಾರ ಕಾರು ತರ್ತೀನಿ. ಉದ್ದಗಾಡಿ ಅಲ್ಲ, ನನ್ನ ಬೇರೆ ಕಾರು."

"ಬೇಡ. ಬಸ್ಸಿಗೆ ಬರ್ತೀನಿ. ಜನ್ನಾಪುರ ನಂಗೆ ಗೊತ್ತಿಲ್ದೇ ಇರೋ ಊರಾ?"

ಬುಧವಾರ ಹನ್ನೊಂದು ಗಂಟೆಗೆ ಅವರು ಬಸ್ಸಿಳಿದು, ಕೊಡೆಯನ್ನು ಊರುಗೋಲಿನಂತೆ ಹಿಡಿದು ಓಣಿಯೊಳಗೆ ನಡೆದು ಬಂದರು. ಮೂರ್ತಪ್ಪನವರು ಇಸ್ತ್ರಿ ಮಾಡಿದ ಅಂಗಿ ಹಾಕಿ ಬಾಗಿಲಲ್ಲಿ ನಿಂತಿದ್ದರು. ಅವರನ್ನು ಕಂಡದ್ದೇ ಕೈ ಮುಗಿದರು, ಮುಗಿದ ಕೈ ಇಳಿಸಲಿಲ್ಲ. ಲಕ್ಷ್ಮೀಕಾಂತ ಹೊರಗೇ ಉಳಿಯಬೇಕೆಂದಿದ್ದ. ದಾಕ್ಷಾಯಣಿಯೇ, "ನೀವೂ ಬನ್ನಿ, ಸಾಕ್ಷಿಗೆ ಒಬ್ಬರು ಇರ್ಲಿ," ಎಂದು ಒಳಗೆ ಕರೆದರು.

ಗೋಪಾಳದಲ್ಲಿ ಹೇಳಿದ್ದನ್ನೇ ಅವರು ಮತ್ತೆ ಹೇಳಿದರು, ಹೆಚ್ಚೂ ಕಡಿಮೆ ಅದೇ ಮಾತುಗಳಲ್ಲಿ. ಮೂರ್ತಪ್ಪನವರು ಅಳುತ್ತಾರೆಂದು ಲಕ್ಷ್ಮೀಕಾಂತ ಎಣಿಸಿದ್ದ. ಅವರು ಅಳಲಿಲ್ಲ. ಹಣೆ ಗಂಟಿಕ್ಕಿ, ಯಾವುದೋ ಲೆಕ್ಕ ತಾಳೆಯಾಗದವರ ಹಾಗೆ ನೆಲ ನೋಡುತ್ತ ಕೂತರು.

"ಹಂಗಾದ್ರೂ ಗ್ಯಾಸ್ಕೆಟ್ ಹೋಗಿದ್ದು ನಿಜ ಅಲ್ವೇನಮ್ಮ," ಎಂದರು. "ಅವತ್ತು ಅವರಿಗೆ ಜೀವ ಇದ್ದಿದ್ರೂ ಗಾಡಿ ಅಲ್ಲೇ ನಿಲ್ತಿತ್ತು."

"ನಿಲ್ತಿತ್ತು," ಎಂದರು ದಾಕ್ಷಾಯಣಿ. "ಅದು ನಿಮ್ಮ ತಪ್ಪು. ಅವರು ಹೋಗಿದ್ದು ನಿಮ್ಮ ತಪ್ಪಲ್ಲ. ಎರಡೂ ಬೇರೆ ಬೇರೆ. ಕೂಡಿಸ್ಬೇಡಿ."

"ಅಷ್ಟು ಸುಲಭಾನಾ ಅಮ್ಮ?"

"ಸುಲಭ ಅಂತ ನಾನೆಲ್ಲಿ ಹೇಳ್ದೆ? ನಾನು ಬಾಯಿ ಬಿಟ್ಟಿದ್ರೆ ನಿಮಗೆ ಇಷ್ಟು ವರ್ಷ ಹೀಗಾಗ್ತಿರಲಿಲ್ಲ. ಅದು ನನ್ನ ತಪ್ಪು. ಅದನ್ನ ಹೇಳೋಕೇ ಬಂದಿದ್ದು."

ಮೂರ್ತಪ್ಪನವರು ಎದ್ದು ಒಳಗೆ ಹೋದರು. ಏಣಿ ಎಳೆದ ಸದ್ದು, ಸೊಸೆ "ಮಾವ, ನೀವು ಹತ್ಬೇಡಿ," ಎಂದದ್ದು ಕೇಳಿತು. ಅವರೇ ಹತ್ತಿರಬೇಕು, ತಿರುಗಿ ಬಂದಾಗ ಇಸ್ತ್ರಿ ಅಂಗಿಯ ಮೇಲೆಲ್ಲ ಧೂಳಿತ್ತು. ಎಣ್ಣೆ ಬಟ್ಟೆಯ ಗಂಟನ್ನು ದಾಕ್ಷಾಯಣಿಯ ಮುಂದೆ ಬಿಚ್ಚಿದರು. ಒಂದು ಕಾಂಡದಿಂದ ಕವಲೊಡೆದಂಥ ಅಲ್ಯೂಮಿನಿಯಂ ಕೊಳವೆ. ಎಲ್ಲೂ ಮಾಸಿಲ್ಲ, ಕಪ್ಪಿಲ್ಲ. ಅಟ್ಟದಲ್ಲಿದ್ದರೂ ವರ್ಷಕ್ಕೊಮ್ಮೆಯಾದರೂ ಅದನ್ನು ಯಾರೋ ಒರೆಸುತ್ತ ಬಂದಿದ್ದರು.

"ಇದೇನಾ?" ಎಂದು ಕೇಳಿದರು ದಾಕ್ಷಾಯಣಿ, ಮುಟ್ಟದೆ.

"ಇದೇ."

"ಹಾಕಿ. ಓಡೋ ಗಾಡಿ ಓಡ್ಲಿ. ಆದ್ರೆ ಈ ಸಲ ಸರಿಯಾಗಿ ಮಾಡಿ."

ಸೊಸೆ ಮಂಡಕ್ಕಿ ಉಸಳಿ ತಂದಿಟ್ಟಳು. ತಿನ್ನುತ್ತ ದಾಕ್ಷಾಯಣಿ ಅವಳ ತವರೂರು ಯಾವುದೆಂದು ವಿಚಾರಿಸಿದರು. ಒಂದೂವರೆಯ ಬಸ್ಸಿಗೆ ಹೊರಟುಹೋದರು.

ಆಮೇಲಿನ ಎರಡು ತಿಂಗಳು ಮೂರ್ತಪ್ಪನವರು ಪ್ರತಿ ಭಾನುವಾರ ಬಸ್ಸಿನಲ್ಲಿ ವಿನೋಬನಗರಕ್ಕೆ ಬಂದರು. ಹೆರೆದು ತೆಗೆದ ಲೋಹವನ್ನು ಮತ್ತೆ ಸೇರಿಸಲಾಗದು. ಅದಕ್ಕೆ ದಪ್ಪ ತಾಮ್ರದ ಹಾಳೆಯಿಂದ ಹೊಸ ಗ್ಯಾಸ್ಕೆಟ್ ಕತ್ತರಿಸಿ, ಒತ್ತಡವನ್ನು ಇಂಜಿನ್ ತಾಳುವಷ್ಟಕ್ಕೆ ಇಳಿಸಿದರು. ಅದಕ್ಕೆ ಮೂರು ಹಾಳೆ ಹಾಳಾದವು. ರೇಡಿಯೇಟರನ್ನು ದೊಡ್ಡದು ಮಾಡಿಸಿದರು. ಕಾರ್ಬೊರೇಟರ್ ಹೊಂದಿಸುವ ಕೆಲಸ ತಾವೇ ಮಾಡಿದರು. ರಬ್ಬರು ಕೊಳವೆಯ ಒಂದು ತುದಿ ಕಿವಿಗಿಟ್ಟು, ಇನ್ನೊಂದು ತುದಿಯನ್ನು ಮೊದಲು ಒಂದು ಕಾರ್ಬೊರೇಟರಿನ ಬಾಯಿಗೆ, ಆಮೇಲೆ ಎರಡನೆಯದರ ಬಾಯಿಗೆ ಹಿಡಿದು ಎರಡರ ಉಸಿರೂ ಸಮ ಬರುವ ತನಕ ಸ್ಕ್ರೂ ತಿರುಗಿಸುತ್ತಿದ್ದರು. ಮಾತು ಕಡಿಮೆ. ಲಕ್ಷ್ಮೀಕಾಂತ ಕೇಳಿದ್ದಕ್ಕೆ ಉತ್ತರ, ತಪ್ಪು ಸ್ಪ್ಯಾನರ್ ಎತ್ತಿಕೊಂಡರೆ ಒಂದು ಬೈಗಳು.

ಫೆಬ್ರವರಿಯ ಒಂದು ಬೆಳಿಗ್ಗೆ ಗಾಡಿಯನ್ನು ತೀರ್ಥಹಳ್ಳಿ ರಸ್ತೆಗೆ ಒಯ್ದರು. ಲಕ್ಷ್ಮೀಕಾಂತ ಓಡಿಸಿದ, ಮೂರ್ತಪ್ಪನವರು ಪಕ್ಕದಲ್ಲಿ ಕೂತು ಟೆಂಪರೇಚರ್ ಮುಳ್ಳನ್ನೇ ನೋಡುತ್ತಿದ್ದರು. ಊರು ದಾಟಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ನಿನ ಸದ್ದು ಗುರುಗುಡುವುದನ್ನು ಬಿಟ್ಟು ಬಿಗಿಯಾಯಿತು. ಹಿಂದಿನ ಹೊಸ ಕಾರಿನವನು ಕನ್ನಡಿಯಲ್ಲಿ ಸಣ್ಣದಾಗುತ್ತ ಹೋದ. ತಾನು ನಗುತ್ತಿದ್ದೇನೆಂದು ಲಕ್ಷ್ಮೀಕಾಂತನಿಗೆ ಸ್ವಲ್ಪ ತಡವಾಗಿ ಗೊತ್ತಾಯಿತು.

ಗಾಜನೂರು ಬಂತು. ಅವನು ವೇಗ ತಗ್ಗಿಸಿ, "ನಿಲ್ಲಿಸ್ಲಾ?" ಎಂದ.

"ಯಾಕೆ? ಬಿಸಿಯಾಗಿಲ್ಲ," ಎಂದರು ಮೂರ್ತಪ್ಪ. ಅಲ್ಲಿನ ಡ್ಯಾಮಿನ ಕಡೆ ತಿರುಗಿಯೂ ನೋಡಲಿಲ್ಲ.

ಮಂಡಗದ್ದೆಯಲ್ಲಿ ಚಹಾ ಕುಡಿದರು. ಅಂಗಡಿಯವನು ಹೊರಗೆ ಬಂದು ಗಾಡಿಯನ್ನು ಸುತ್ತು ಹಾಕಿ ನೋಡಿ, ಶೂಟಿಂಗಿಗೆ ಬಂದದ್ದೇ ಎಂದು ಕೇಳಿದ. ವಾಪಸು ಹೊರಡುವಾಗ ಮೂರ್ತಪ್ಪನವರು ಡ್ರೈವರ್ ಬದಿಯ ಬಾಗಿಲ ಹತ್ತಿರ ನಿಂತರು.

"ನಾನು ಸ್ವಲ್ಪ ದೂರ ಬಿಡ್ಲಾ ಸಾರ್?"

"ಲೈಸೆನ್ಸ್ ಇದ್ಯಾ?"

"ಮುಗ್ದು ಹನ್ನೊಂದು ವರ್ಷ ಆಯ್ತು."

ಲಕ್ಷ್ಮೀಕಾಂತ ಯೋಚಿಸಿದ. ಕೈಯಲ್ಲಿದ್ದ ಕೀಲಿಯನ್ನು ನೋಡಿದ.

"ಹಂಗಾದ್ರೆ ಬೇಡ ಮೂರ್ತಪ್ನೋರೆ."

ಮುದುಕರು ಜೋರಾಗಿ ನಕ್ಕುಬಿಟ್ಟರು. ಅವರ ನಗುವನ್ನು ಅವನು ಕೇಳಿದ್ದು ಅದೇ ಮೊದಲು. "ಅಲ್ಲ ಮಾರಾಯ್ರೆ, ನೀವು ಕೊಡಲ್ಲ ಅಂತ ಗೊತ್ತಿತ್ತು. ಆದ್ರೂ ಕೇಳ್ದೆ," ಎನ್ನುತ್ತ ಪಕ್ಕದ ಸೀಟಿಗೆ ಬಂದು ಕೂತರು. ಒಂದೆರಡು ಮೈಲಿಯವರೆಗೆ ಅವನ ಗೇರು ಬದಲಿಸುವ ರೀತಿಯಲ್ಲಿ ತಪ್ಪು ಹುಡುಕಿದರು. ಆಮೇಲೆ ಮಾತು ನಿಂತಿತು. ತಿರುಗಿ ನೋಡಿದರೆ, ಗಾಜಿಗೆ ತಲೆ ಆನಿಸಿ ನಿದ್ದೆ ಹೋಗಿದ್ದರು. ರಸ್ತೆ ಖಾಲಿಯಿತ್ತು, ಇಂಜಿನ್ ಇನ್ನೂ ವೇಗ ಕೇಳುತ್ತಿತ್ತು. ಲಕ್ಷ್ಮೀಕಾಂತ ಬಲಗಾಲು ಸಡಿಲಿಸಿ, ಗುಂಡಿಗಳನ್ನು ತಪ್ಪಿಸುತ್ತ, ನಲವತ್ತರಲ್ಲೇ ಶಿವಮೊಗ್ಗದ ಕಡೆ ಸಾಗಿದ.